ಗೆರೆ ಮೊದಲು, ವಿಧಾನ ಆಮೇಲೆ: ಅಚ್ಚಿನ ಚಿತ್ರಕ್ಕೆ ತಕ್ಕ ಮಾಧ್ಯಮ ಆರಿಸುವುದು ಹೇಗೆ?

1919ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಖ್ಟ್ ಕೊಲೆಯಾದ. ಕಲಾವಿದೆ ಕೇಟೆ ಕೋಲ್ವಿಟ್ಸ್ ಅವನ ಶವದೆದುರು ನಿಂತು ರೇಖಾಚಿತ್ರಗಳನ್ನು ಬರೆದುಕೊಂಡರು. ಅವನ್ನು ಅಚ್ಚಿಗೆ ತರಲು ಮೊದಲು ಎಚಿಂಗ್ (ಲೋಹದ ತಗಡನ್ನು ಆಮ್ಲದಿಂದ ಕೊರೆಯುವ ವಿಧಾನ) ಮಾಡಿ ನೋಡಿದರು. ತೃಪ್ತಿಯಾಗಲಿಲ್ಲ. ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಕಲ್ಲಚ್ಚಿಗೆ ಹೋದರು. ಅದೂ ಒಗ್ಗಲಿಲ್ಲ. 1920ರಲ್ಲಿ ಎರ್ನ್ಸ್ಟ್ ಬಾರ್ಲಾಖ್‌ನ ಮರದಚ್ಚಿನ ಚಿತ್ರಗಳನ್ನು ಕಂಡ ಮೇಲೆ ಉಳಿ ಹಿಡಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಎಚಿಂಗ್ ಮತ್ತು ಕಲ್ಲಚ್ಚು ಎರಡರಲ್ಲೂ ಅವರದು ಪಳಗಿದ ಕೈ. ಆದರೂ ಶವದ ಮೇಲೆ ಬಾಗಿದ ಕಾರ್ಮಿಕರ ತಲೆಗಳು, ಎದೆಯ ಮೇಲೆ ಇಟ್ಟ ಆ ದೊಡ್ಡ ಕೈ, ಇವೆಲ್ಲ ನೆಲೆ ಕಂಡುಕೊಂಡದ್ದು ಅವರಿಗೆ ಹೊಸದಾಗಿದ್ದ ಮರದ ಹಲಗೆಯಲ್ಲೇ. ಕಪ್ಪಿನ ಒಳಗಿಂದ ಒರಟು ಬಿಳಿ ಗೀರುಗಳಾಗಿ ಎದ್ದು ಬರುವ ಆ ಮುಖಗಳನ್ನು ಸೂಜಿಯ ಸಣ್ಣ ಗೆರೆಯಲ್ಲಿ ಊಹಿಸಿಕೊಳ್ಳಿ. ದುಃಖ ವಿವರಣೆಯಾಗಿಬಿಡುತ್ತದೆ.

ಅಚ್ಚಿನ ಕಲೆಗೆ ಹೊಸದಾಗಿ ಬರುವವರು ‘ಯಾವುದು ಸುಲಭ?’ ಎಂದು ಕೇಳುತ್ತಾರೆ. ಉತ್ತರವೂ ಸಿದ್ಧವಾಗಿರುತ್ತದೆ: ಲಿನೋದಿಂದ, ಅಂದರೆ ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯ ಕೆತ್ತನೆಯಿಂದ, ಶುರು ಮಾಡಿ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಪೆನ್ಸಿಲ್‌ನಲ್ಲಿ ನವಿರಾಗಿ ಬರೆಯುವವರ ಕೈಗೆ ಲಿನೋ ಕೊಟ್ಟರೆ ಅವರು ತಮ್ಮ ಗೆರೆಯನ್ನೇ ಕಳೆದುಕೊಂಡು, ತಮಗೆ ಈ ಕಲೆ ಒಲಿಯದು ಎಂದು ನಿರ್ಧರಿಸಿಬಿಡುತ್ತಾರೆ. ಅವರ ಕೈಗೆ ತಗಡಿನ ಮೇಲೆ ನೇರವಾಗಿ ಗೀರುವ ಡ್ರೈಪಾಯಿಂಟ್ ಸೂಜಿ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಪ್ರತಿಯೊಂದು ವಿಧಾನವೂ ಗೆರೆಯನ್ನು ತನ್ನದೇ ರೀತಿಯಲ್ಲಿ ಹುಟ್ಟಿಸುತ್ತದೆ, ಆಕಾರವನ್ನು ತನ್ನದೇ ರೀತಿಯಲ್ಲಿ ಕಟ್ಟುತ್ತದೆ. ಆಯ್ಕೆ ಮಾಡಬೇಕಾದದ್ದು ಅದನ್ನು ನೋಡಿ.

ಮೊದಲು ನಿಮ್ಮ ಕೈ ಏನು ಮಾಡುತ್ತಿದೆ ನೋಡಿ

ನಿಮ್ಮ ಹಳೆಯ ಸ್ಕೆಚ್ ಪುಸ್ತಕ ತೆರೆಯಿರಿ. ಒಂದು ಕೈಯನ್ನೋ ಮರವನ್ನೋ ಬರೆದಿರುವ ಪುಟ ಸಾಕು. ಆಕಾರ ಹೇಗೆ ಬಂದಿದೆ? ಕೆಲವರು ಹೊರಗೆರೆ ಎಳೆದು ಒಳಗೆ ಖಾಲಿ ಬಿಡುತ್ತಾರೆ. ಅವರ ಮಟ್ಟಿಗೆ ಗೆರೆಯೇ ಆಕಾರದ ಎಲ್ಲೆ. ಇನ್ನು ಕೆಲವರು ಹೊರಗೆರೆ ಎಳೆಯುವುದೇ ಇಲ್ಲ; ಕಪ್ಪು ಮುದ್ದೆಯಾಗಿ ಶುರುಮಾಡಿ ಬೆಳಕನ್ನು ಕಿತ್ತು ತೆಗೆಯುತ್ತಾರೆ. ಮೂರನೆಯವರ ಪುಟದಲ್ಲಿ ನೂರಾರು ಸಣ್ಣ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡು, ದೂರದಿಂದ ನೋಡಿದಾಗ ಗೆರೆ ಮಾಯವಾಗಿ ಬೂದುಬಣ್ಣ ಉಳಿಯುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಬಹುದು. ಒಂದೇ ವಿಷಯವನ್ನು ಮೂರು ಬಾರಿ ಬರೆಯಿರಿ: ಬಿಳಿ ಕಾಗದದ ಮೇಲೆ ಸಣ್ಣ ನಿಬ್ಬಿನ ಪೆನ್ನಿನಿಂದ ಒಮ್ಮೆ, ದಪ್ಪ ಕುಂಚ ಮತ್ತು ಕಪ್ಪು ಮಸಿಯಿಂದ ಒಮ್ಮೆ, ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲ್‌ನಿಂದ ಒಮ್ಮೆ. ಮೂರನ್ನೂ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಯಾವುದು ವಿಷಯದ ಒಳಗಿನ ಒತ್ತಡವನ್ನು ಹಿಡಿದಿದೆ ಎಂಬುದು ಕಾಣಿಸುತ್ತದೆ. ಪೆನ್ನಿನದು ಗೆದ್ದರೆ ತಾಮ್ರದ ತಗಡಿನ ಕಡೆ ಹೋಗಿ. ಕುಂಚದ್ದು ಗೆದ್ದರೆ ಕಲ್ಲಚ್ಚು, ಇಲ್ಲವೇ ಜಪಾನೀ ಬಗೆಯ ಮರದಚ್ಚು. ಕಪ್ಪು ಕಾಗದದ್ದು ಗೆದ್ದರೆ ನಿಮಗೆ ಬೇಕಾದದ್ದು ಉಳಿ, ಅಥವಾ ಕಪ್ಪಾಗಿಸಿದ ತಗಡಿನಿಂದ ಬೆಳಕನ್ನು ಕೆರೆದು ತೆಗೆಯುವ ಮೆಝೋಟಿಂಟ್.

ಮರ ಮತ್ತು ಲಿನೋ: ಕೈ ಮಾಡುವುದು ಬಿಳಿಯನ್ನು

ಉಬ್ಬು ಅಚ್ಚಿನಲ್ಲಿ ಕೆತ್ತಿದ ಜಾಗ ಬಿಳಿಯಾಗುತ್ತದೆ, ಉಳಿಸಿದ ಜಾಗ ಮಸಿ ಹಿಡಿದು ಕಪ್ಪಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಇದರ ಪರಿಣಾಮವನ್ನು ಪೂರ್ತಿ ಯೋಚಿಸಿದವರು ಕಡಿಮೆ. ಒಂದು ಬಿಳಿ ಗೆರೆ ಬೇಕೆಂದರೆ ಉಳಿಯನ್ನು ಒಮ್ಮೆ ತಳ್ಳಿದರೆ ಸಾಕು. ಅದೇ ಒಂದು ಕಪ್ಪು ಗೆರೆ ಬೇಕೆಂದರೆ ಅದರ ಎರಡೂ ಬದಿಯಲ್ಲಿ ಚಾಕುವಿನಿಂದ ಕೊಯ್ದು, ಆಚೀಚೆಯ ಮರವನ್ನೆಲ್ಲ ತೆಗೆಯಬೇಕು. ಅಂದರೆ ಇಲ್ಲಿ ಬಿಳಿ ಗೆರೆಯನ್ನು ಕೈ ಎಳೆಯುತ್ತದೆ. ಕಪ್ಪು ಗೆರೆ ಎಂಬುದು ಎರಡು ಕೆತ್ತುಗಳ ನಡುವೆ ಉಳಿದುಕೊಂಡದ್ದು. ಉಳಿದುಕೊಂಡ ಗೆರೆಗೆ ಎಳೆದ ಗೆರೆಯ ಓಟ ಇರುವುದಿಲ್ಲ. ಅದಕ್ಕೆ ಬದಲಾಗಿ ಒಂದು ಬಿಗಿ ಇರುತ್ತದೆ, ಎರಡು ಕಡೆಯಿಂದಲೂ ಒತ್ತಿ ಹಿಡಿದ ಬಿಗಿ.

ಆಲ್ಬ್ರೆಖ್ಟ್ ಡ್ಯೂರರ್ 1498ರಲ್ಲಿ ಹೊರತಂದ, ಬೈಬಲಿನ ಲೋಕಾಂತ್ಯದ ಕಥೆಯ ಅಪೊಕ್ಯಾಲಿಪ್ಸ್ ಮಾಲೆಯ ನಾಲ್ವರು ಕುದುರೆ ಸವಾರರನ್ನು ನೋಡಿ. ಅಲ್ಲಿನ ಕಪ್ಪು ಗೆರೆಗಳು ಪೆನ್ನಿನಿಂದ ಹರಿದವೇನೋ ಎನ್ನುವಷ್ಟು ಚುರುಕಾಗಿವೆ. ಆ ಚುರುಕನ್ನು ಮರದಲ್ಲಿ ಉಳಿಸುವುದಕ್ಕೆ ಎಷ್ಟು ಕೊಯ್ತ ಬೇಕಾಯಿತೆಂದು ಯೋಚಿಸಿದರೆ ತಲೆ ತಿರುಗುತ್ತದೆ. ಜಪಾನಿನಲ್ಲಿ ಈ ಕೆಲಸ ಹಂಚಿಕೆಯಾಗಿತ್ತು. ಹೊಕುಸಾಯ್‌ನಂಥ ಕಲಾವಿದ ತೆಳುಕಾಗದದ ಮೇಲೆ ಕುಂಚದಿಂದ ಬರೆದದ್ದನ್ನು ಚೆರ್ರಿ ಮರದ ಹಲಗೆಗೆ ಅಂಟಿಸಿ, ಕೆತ್ತುವವನು ಆ ಕಾಗದದ ಮೂಲಕವೇ ಕೊಯ್ಯುತ್ತಿದ್ದ. ಮೂಲಚಿತ್ರ ಅಲ್ಲಿಗೆ ಮುಗಿಯಿತು. ಆದರೆ ಕುಂಚ ಒತ್ತಿದಲ್ಲಿ ಗೆರೆ ದಪ್ಪವಾಗಿ, ಎತ್ತಿದಲ್ಲಿ ಸಣ್ಣಗಾಗಿ ಮರದಲ್ಲಿ ನಿಂತಿತು. ನಿಮ್ಮದು ಕುಂಚದ ಕೈ, ತಾಳ್ಮೆಯೂ ಇದೆ ಎಂದಾದರೆ ಈ ದಾರಿ ನಿಮ್ಮದಾಗಬಹುದು. ತಾಳ್ಮೆ ಇಲ್ಲದವರು ಕಪ್ಪು ಗೆರೆಯ ಮರದಚ್ಚಿಗೆ ಕೈ ಹಾಕದಿರುವುದು ಒಳ್ಳೆಯದು. ಬಿಳಿ ಗೆರೆಗೆ ಹೋಗಿ. ಅಲ್ಲಿ ಮರ ನಿಮ್ಮೊಡನೆ ಮಾತಾಡುತ್ತದೆ.

ಮಾತಾಡುವುದು ಅದರ ಎಳೆಗಳಿಂದ. ಹಲಗೆಯಲ್ಲಿ ಎಳೆ ಹರಿದ ದಿಕ್ಕಿನಲ್ಲಿ ಉಳಿ ಸರಾಗವಾಗಿ ಓಡುತ್ತದೆ, ಅಡ್ಡಲಾಗಿ ತಳ್ಳಿದರೆ ತಡೆಯುತ್ತದೆ, ಕೆಲವೊಮ್ಮೆ ಚಕ್ಕೆ ಹಾರುತ್ತದೆ. ಹಾಗಾಗಿ ಮರದಚ್ಚಿನ ಗೆರೆಗೆ ಮೂಲೆಗಳಿರುತ್ತವೆ, ಮುರಿತಗಳಿರುತ್ತವೆ. ಒಂದು ಗಲ್ಲದ ದುಂಡು ಬರೆಯಹೊರಟರೆ ಅದು ನಾಲ್ಕೈದು ನೇರ ಕಡಿತಗಳಾಗುತ್ತದೆ. ಕಂಡದ್ದಕ್ಕಿಂತ ಒಳಗಿನ ಭಾವವನ್ನೇ ಬರೆಯಹೊರಟ ಜರ್ಮನಿಯ ಎಕ್ಸ್‌ಪ್ರೆಷನಿಸ್ಟರು ಈ ಮುರಿತವನ್ನೇ ಅಪ್ಪಿಕೊಂಡರು. 1905ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ‘ಡಿ ಬ್ರ್ಯುಕ’ ಗುಂಪಿನ ಕಿರ್ಶ್ನರ್ ಮೊದಲಾದವರ ಮುಖಗಳಲ್ಲಿ ಮೂಗು ಒಂದು ಬೆಣೆ, ಕಣ್ಣು ಒಂದು ಸೀಳು. ಎಡ್ವರ್ಡ್ ಮುಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಅವನ ‘ಚುಂಬನ’ದ 1902ರ ಆವೃತ್ತಿಯಲ್ಲಿ ಇಬ್ಬರು ಸೇರಿ ಒಂದೇ ಕಪ್ಪು ಆಕಾರವಾಗಿದ್ದಾರೆ; ಸುತ್ತಲೂ ಕೆತ್ತನೆಯೇ ಇಲ್ಲ, ಮರದ ಎಳೆಗಳಷ್ಟೇ ಅಚ್ಚಾಗಿವೆ. ಕಲಾವಿದ ಎಳೆಯದ ಗೆರೆಗಳು ಅಲ್ಲಿ ಚಿತ್ರದ ಅರ್ಧ ಕೆಲಸ ಮಾಡುತ್ತಿವೆ. ಹಲಗೆಯನ್ನು ಗರಗಸದಿಂದ ತುಂಡುಗಳಾಗಿ ಕೊಯ್ದು, ಪ್ರತಿ ತುಂಡಿಗೂ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಅಚ್ಚು ತೆಗೆಯುವ ಉಪಾಯವೂ ಅವನದೇ. ಆಕಾರದ ಸುತ್ತ ಒಂದು ಸಣ್ಣ ಬಿಳಿ ಸಂದು ಉಳಿಯುತ್ತದೆ. ಆ ಸಂದೇ ಹೊರಗೆರೆ.

ಲಿನೋದಲ್ಲಿ ಎಳೆಯಿಲ್ಲ. ಉಳಿ ಯಾವ ದಿಕ್ಕಿಗೂ ಒಂದೇ ರೀತಿ ಓಡುತ್ತದೆ, ವಕ್ರರೇಖೆಗಳು ಬೆಣ್ಣೆಯಂತೆ ಬರುತ್ತವೆ. ಇದು ಅದರ ಗುಣ, ಇದೇ ಅದರ ಅಪಾಯ. ತಡೆ ಇಲ್ಲದ ಕಾರಣ ಗೆರೆ ಬೇಗ ಜಾಣತನಕ್ಕೆ ಇಳಿದುಬಿಡುತ್ತದೆ, ಅಲಂಕಾರವಾಗುತ್ತದೆ. ಲಿನೋದಲ್ಲಿ ಗೆದ್ದವರು ಗೆರೆಗಳನ್ನು ಕಡಿಮೆ ಮಾಡಿದವರು. ಆನ್ರಿ ಮತೀಸ್ 1944ರಲ್ಲಿ ಪ್ರಕಟವಾದ ‘ಪಸಿಫಾಯೆ’ ಪುಸ್ತಕಕ್ಕೆ ಮಾಡಿದ ಲಿನೋ ಚಿತ್ರಗಳಲ್ಲಿ ಕಪ್ಪು ನೆಲದ ಮೇಲೆ ಒಂದೇ ದಪ್ಪದ ಸಣ್ಣ ಬಿಳಿ ಗೆರೆಗಳಷ್ಟೇ ಇವೆ. ಗೆರೆ ದಪ್ಪವಾಗುವುದಿಲ್ಲ, ಸಣ್ಣಗಾಗುವುದಿಲ್ಲ. ಅದು ತಿರುಗುವ ಜಾಗದಲ್ಲಿ ಮಾತ್ರ ಅದರ ಭಾವವಿದೆ. ನಂದಲಾಲ್ ಬೋಸ್ 1930ರಲ್ಲಿ ದಂಡಿಯಾತ್ರೆಯ ಗಾಂಧಿಯನ್ನು ಲಿನೋದಲ್ಲಿ ಕೆತ್ತಿದಾಗಲೂ ಇದೇ ಮಿತ. ಕೋಲು, ಬಾಗಿದ ಬೆನ್ನು, ಮುಂದಿಟ್ಟ ಹೆಜ್ಜೆ, ಇಷ್ಟರಲ್ಲೇ ಚಿತ್ರ ಮುಗಿದಿದೆ. ಬಣ್ಣದಲ್ಲಿ ಆಸಕ್ತಿಯುಳ್ಳವರಿಗೆ ಲಿನೋ ಇನ್ನೊಂದು ದಾರಿಯನ್ನೂ ತೆರೆಯುತ್ತದೆ. ಒಂದೇ ತುಂಡನ್ನು ಹಂತಹಂತವಾಗಿ ಕೆತ್ತುತ್ತಾ, ಪ್ರತಿ ಹಂತದಲ್ಲೂ ಒಂದು ಬಣ್ಣ ಅಚ್ಚು ಹಾಕುತ್ತಾ ಹೋಗುವ ವಿಧಾನ ಅದು. ಪಿಕಾಸೊ ಇದನ್ನು ಜನಪ್ರಿಯಗೊಳಿಸಿದ. ಅಲ್ಲಿ ಗೆರೆಗಿಂತ ಅಗಲವಾದ ಆಕಾರಗಳು ಒಂದರೊಳಗೊಂದು ಕೂರುತ್ತವೆ.

ವುಡ್ ಎನ್‌ಗ್ರೇವಿಂಗ್ ಬೇರೆಯದೇ ಜಾತಿ. ಮರವನ್ನು ಉದ್ದುದ್ದ ಸೀಳದೆ ಅಡ್ಡಲಾಗಿ ಕೊಯ್ದ, ಎಳೆಯ ತುದಿಗಳು ಮೇಲೆ ಬರುವಂಥ ಗಟ್ಟಿ ಮೈಯ ಮೇಲೆ ಬ್ಯೂರಿನ್ ಎಂಬ ಚೂಪುಮೂತಿಯ ಉಕ್ಕಿನ ಕಡ್ಡಿಯಿಂದ ಕೊರೆಯುವುದು. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಥಾಮಸ್ ಬೇವಿಕ್ ಇದನ್ನು ಎಂಥ ಎತ್ತರಕ್ಕೆ ಒಯ್ದನೆಂದರೆ, ಅವನ ಹಕ್ಕಿಗಳ ಗರಿಗಳನ್ನು ಬಿಳಿ ಗೆರೆಗಳಲ್ಲೇ ಎಣಿಸಬಹುದು. ಅಂಗೈಯಗಲದ ಚಿತ್ರ, ಸಣ್ಣ ವಿವರ, ಕಪ್ಪಿನಿಂದ ಬೆಳಕಿಗೆ ನಡೆಯುವ ಮನಸ್ಸು ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದೊಡ್ಡದಾಗಿ ತೋಳು ಬೀಸಿ ಕೆಲಸ ಮಾಡುವವರಿಗೆ ಉಸಿರುಕಟ್ಟುತ್ತದೆ.

ಮರವೋ ಲಿನೋವೋ ಎಂದು ತೂಗುತ್ತಿರುವವರಿಗೆ ನನ್ನ ಮಾತು ಇಷ್ಟು: ವಿಷಯದಲ್ಲಿ ನೋವು, ಒರಟು, ಗಾಳಿಮಳೆ ಇದ್ದರೆ ಮರ. ಲಯ, ಮಿತ, ಸ್ಪಷ್ಟತೆ ಬೇಕಿದ್ದರೆ ಲಿನೋ. ಎರಡರಲ್ಲೂ ಹಿನ್ನೆಲೆಗೆ ಆಕಾರದಷ್ಟೇ ತೂಕವಿದೆ ಎಂಬುದನ್ನು ಮರೆಯಬೇಡಿ. ಎರಡು ತಲೆಗಳ ನಡುವಿನ ಖಾಲಿ ಜಾಗಕ್ಕೂ ನೀವು ಆಕಾರ ಕೊಡಲೇಬೇಕು, ಏಕೆಂದರೆ ಅದನ್ನೂ ನೀವೇ ಕೆತ್ತುತ್ತೀರಿ. ಕೋಲ್ವಿಟ್ಸ್ 1921–22ರಲ್ಲಿ ಮಾಡಿದ ‘ಯುದ್ಧ’ ಮಾಲೆಯ ಏಳು ಮರದಚ್ಚುಗಳಲ್ಲಿ ಮಗನನ್ನು ಕಳೆದುಕೊಂಡ ತಂದೆ ತಾಯಿ ಮಂಡಿಯೂರಿ ಒಂದೇ ಗುಡ್ಡೆಯಾಗಿರುವ ಚಿತ್ರವಿದೆ. ಅಲ್ಲಿ ಯಾವ ಬೆನ್ನು ಯಾರದು ಎಂದು ಹೇಳುವ ಹೊರಗೆರೆ ಅಗತ್ಯವೇ ಇಲ್ಲ.

ತಾಮ್ರದ ಮೇಲೆ ಮೂರು ಬಗೆಯ ಗೆರೆ

ತಗ್ಗು ಅಚ್ಚಿನಲ್ಲಿ ಲೆಕ್ಕ ತಿರುಗುಮುರುಗು. ಲೋಹದ ತಗಡಿನಲ್ಲಿ ಕೊರೆದ ಗೀರಿನೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಪ್ರೆಸ್‌ನ ಒತ್ತಡದಲ್ಲಿ ಆ ಗೀರಿನೊಳಕ್ಕೆ ತಳ್ಳುತ್ತೇವೆ. ಕೈ ಎಳೆದದ್ದೇ ಕಪ್ಪು ಗೆರೆ. ಆದರೆ ಆ ಗೀರನ್ನು ಯಾವುದು ಮಾಡಿತು ಎಂಬುದರ ಮೇಲೆ ಗೆರೆಯ ಸ್ವಭಾವವೇ ಬದಲಾಗುತ್ತದೆ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಎನಿಸುತ್ತದೆ. ಹತ್ತಿರದಿಂದ ನೋಡಿದರೆ ಮೂರು ಬೇರೆ ಬೇರೆ ಕಂಠಗಳು.

ಎನ್‌ಗ್ರೇವಿಂಗ್‌ನಲ್ಲಿ ಚೂಪುಮೂತಿಯ ಬ್ಯೂರಿನ್ ಕಡ್ಡಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತೇವೆ. ನೇಗಿಲಿನಂತೆ ಅದು ತಾಮ್ರವನ್ನು ಸೀಳಿ ಸುರುಳಿಯಾಗಿ ಎತ್ತಿ ಹಾಕುತ್ತದೆ. ತಿರುವು ಬೇಕಾದಾಗ ತಿರುಗುವುದು ಕೈಯಲ್ಲ, ಕೆಳಗಿನ ತಗಡು. ಹೀಗಾಗಿ ಇಲ್ಲಿ ಅವಸರದ ಗೆರೆ ಎಂಬುದೇ ಹುಟ್ಟುವುದಿಲ್ಲ. ಒತ್ತಿದಂತೆ ಉಬ್ಬುವ, ಬಿಟ್ಟಂತೆ ಕೂದಲಾಗಿ ಮುಗಿಯುವ ಗೆರೆ ಇದು. ಅದರ ಅಂಚು ಕತ್ತಿಯಷ್ಟು ಶುದ್ಧ. ಫ್ರಾನ್ಸಿನ ಕ್ಲೋದ್ ಮೆಲ್ಲಾನ್ 1649ರಲ್ಲಿ ಕ್ರಿಸ್ತನ ಮುಖವನ್ನು ಮೂಗಿನ ತುದಿಯಿಂದ ಶುರುವಾಗುವ ಒಂದೇ ಸುರುಳಿ ಗೆರೆಯಲ್ಲಿ ಕೊರೆದ. ಗೆರೆ ಎಲ್ಲಿಯೂ ತುಂಡಾಗುವುದಿಲ್ಲ. ಕಣ್ಣು, ಗಡ್ಡ, ರಕ್ತದ ಹನಿ, ಎಲ್ಲವೂ ಆ ಗೆರೆ ದಪ್ಪವಾಗುವುದರಿಂದ, ಸಣ್ಣಗಾಗುವುದರಿಂದ ಮಾತ್ರ ಮೂಡಿವೆ. ಗೆರೆ ಮತ್ತು ಆಕಾರ ಎರಡಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ. ಎನ್‌ಗ್ರೇವಿಂಗ್ ಎಂದರೆ ನಕಲು ಮಾಡುವ ಒಣ ಕಸುಬು ಎಂಬ ಭಾವನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅಳಿಸಿದವನು ಸ್ಟ್ಯಾನ್ಲಿ ವಿಲಿಯಂ ಹೇಟರ್. ಪ್ಯಾರಿಸ್‌ನಲ್ಲಿ 1927ರಲ್ಲಿ ಅವನು ಆರಂಭಿಸಿದ, ಮುಂದೆ ‘ಅಟೆಲಿಯೆ 17’ ಎಂದು ಹೆಸರಾದ ಕಾರ್ಯಾಗಾರದಲ್ಲಿ ತಗಡನ್ನು ತಿರುಗಿಸುತ್ತಾ ಗೆರೆ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗುವುದೇ ಪಾಠವಾಯಿತು.

ಡ್ರೈಪಾಯಿಂಟ್‌ನಲ್ಲಿ ಸೂಜಿ ಲೋಹವನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಗೀರಿನ ಅಂಚಿನಲ್ಲಿ ಸಿಬಿರು ಏಳುತ್ತದೆ. ಆ ಸಿಬಿರು ಮಸಿಯನ್ನು ಹಿಡಿದುಕೊಂಡು ಗೆರೆಯ ಸುತ್ತ ಮಖಮಲ್ಲಿನಂಥ ಕಪ್ಪು ಮಬ್ಬನ್ನು ಬಿಡುತ್ತದೆ. ಬ್ಯೂರಿನ್ ಗೆರೆ ಹೇಳಿ ಮುಗಿಸಿದ ಮಾತಾದರೆ, ಡ್ರೈಪಾಯಿಂಟ್ ಗೆರೆಗೆ ಉಸಿರು ಇನ್ನೂ ಅಂಟಿಕೊಂಡಿರುತ್ತದೆ. ಕೈ ನಡುಗಿದ್ದು, ತಡೆದದ್ದು, ಮತ್ತೆ ಒತ್ತಿದ್ದು ಎಲ್ಲವೂ ಅಚ್ಚಿನಲ್ಲಿ ಕಾಣುತ್ತದೆ. ಆದರೆ ಪ್ರೆಸ್‌ನ ಒತ್ತಡಕ್ಕೆ ಸಿಬಿರು ಬೇಗ ಸವೆಯುತ್ತದೆ. ಹತ್ತಿಪ್ಪತ್ತು ಒಳ್ಳೆಯ ಪ್ರತಿಗಳ ನಂತರ ಮಬ್ಬು ಹೋಗಿ ಸಪ್ಪೆ ಗೆರೆ ಉಳಿಯುತ್ತದೆ. ನೂರು ಪ್ರತಿ ಬೇಕಿದ್ದವರು ಇದನ್ನು ಆರಿಸಬಾರದು. ಉಳಿದವರಿಗೆ, ಅದರಲ್ಲೂ ಪೆನ್ಸಿಲ್ ಪ್ರಿಯರಿಗೆ, ನಾನು ಮೊದಲು ಹೇಳುವ ಹೆಸರು ಇದೇ. ಆಮ್ಲ ಬೇಡ, ಮೇಣದ ಲೇಪ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೂ ಕಲಿಯಬಹುದು, ಚಿತ್ರವನ್ನು ಅಡಿಯಲ್ಲಿಟ್ಟು ನೋಡಿಕೊಂಡೇ ಗೀರಬಹುದು.

ಎಚಿಂಗ್‌ನಲ್ಲಿ ಕೈಗೆ ತಡೆಯೇ ಇಲ್ಲ. ತಗಡಿಗೆ ಹಚ್ಚಿದ ತೆಳು ಲೇಪವನ್ನು ಸೂಜಿ ಕೆರೆಯುತ್ತದೆ ಅಷ್ಟೆ. ಲೋಹವನ್ನು ಕೊರೆಯುವುದು ಆಮ್ಲ. ಆದ್ದರಿಂದ ಗೆರೆ ಮಾತಿನಷ್ಟು ವೇಗವಾಗಿ, ಸಹಿಯಷ್ಟು ಸಲೀಸಾಗಿ ಹರಿಯುತ್ತದೆ. ಆದರೆ ದಪ್ಪ ಸಣ್ಣ ಎಂಬುದು ಕೈಯ ಒತ್ತಡದಿಂದ ಬರುವುದಿಲ್ಲ, ಆಮ್ಲದಲ್ಲಿ ಇಟ್ಟ ಹೊತ್ತಿನಿಂದ ಬರುತ್ತದೆ. ದೂರದ ಬೆಟ್ಟಕ್ಕೆ ಸ್ವಲ್ಪ ಹೊತ್ತು ಸಾಕು. ಅದನ್ನು ವಾರ್ನಿಷ್‌ನಿಂದ ಮುಚ್ಚಿ, ಹತ್ತಿರದ ಮರವನ್ನು ಮತ್ತೆ ಆಮ್ಲಕ್ಕೆ ಇಳಿಸಬೇಕು. ಭಾವವನ್ನು ಕಾಲದಲ್ಲಿ ಅಳೆಯುವ ವಿಚಿತ್ರ ಶಿಸ್ತು ಇದು. ಜಾಕ್ ಕಾಲೋ ಗಟ್ಟಿಯಾದ ಲೇಪ ಬಳಸಿ, ಓರೆಯಾಗಿ ಕತ್ತರಿಸಿದ ತುದಿಯ ಸೂಜಿಯಿಂದ ಬ್ಯೂರಿನ್ನಿನ ಉಬ್ಬುಗೆರೆಯನ್ನೇ ಎಚಿಂಗ್‌ನಲ್ಲಿ ತಂದ. 1633ರ ಅವನ ಯುದ್ಧದ ಸಂಕಟಗಳ ಮಾಲೆಯಲ್ಲಿ ಬೆರಳಗಲದ ಮನುಷ್ಯರು ಸಹ ಬೆನ್ನು ಬಾಗಿಸಿರುವುದು, ತೂಗಾಡುತ್ತಿರುವುದು ಸ್ಪಷ್ಟ. ಇನ್ನೊಂದು ತುದಿಯಲ್ಲಿ ಇಟಲಿಯ ಜಾರ್ಜೊ ಮೊರಾಂದಿ. ಬಾಟಲಿ, ಹೂಜಿ, ಡಬ್ಬಿಗಳಿಗೆ ಅವನು ಹೊರಗೆರೆಯನ್ನೇ ನಂಬುವುದಿಲ್ಲ. ಹೆಣಿಕೆ ಗೆರೆಗಳು ದಟ್ಟವಾದಲ್ಲಿ ಒಂದು ವಸ್ತು ಮುಗಿಯುತ್ತದೆ, ತೆಳುವಾದಲ್ಲಿ ಇನ್ನೊಂದು ಶುರುವಾಗುತ್ತದೆ. ನಿಮ್ಮ ಸ್ಕೆಚ್ ಪುಸ್ತಕ ಮೂರನೆಯ ಬಗೆಯದಾಗಿದ್ದರೆ ಮೊರಾಂದಿಯ ಎಚಿಂಗ್‌ಗಳನ್ನು ಹುಡುಕಿ ನೋಡಿ.

ಡ್ಯೂರರ್ ಈ ಮೂರನ್ನೂ ಪ್ರಯತ್ನಿಸಿದ್ದ. 1512ರ ಸುಮಾರಿಗೆ ಮೂರು ಡ್ರೈಪಾಯಿಂಟ್, 1515–18ರ ನಡುವೆ ಕಬ್ಬಿಣದ ತಗಡಿನ ಮೇಲೆ ಆರು ಎಚಿಂಗ್; ಆಮೇಲೆ ಬ್ಯೂರಿನ್ನಿಗೇ ಮರಳಿದ. ಎಚಿಂಗ್‌ಗೂ ಮುಂಚೆ, 1514ರಲ್ಲಿ, ಬ್ಯೂರಿನ್ನಿನಿಂದ ಕೊರೆದ ‘ಮೆಲೆಂಕೋಲಿಯಾ’ದ ರೆಕ್ಕೆ, ಗೋಳ, ನಾಯಿಯ ಮೈ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಪ್ರತಿ ಮೇಲ್ಮೈಗೂ ತಕ್ಕಂತೆ ಗೆರೆ ಬಾಗುವ ಆ ನಿಯಂತ್ರಣವನ್ನು ಕಬ್ಬಿಣ ಮತ್ತು ಆಮ್ಲ ಅವನಿಗೆ ಕೊಡುವಂತಿರಲಿಲ್ಲ. ರೆಂಬ್ರಾಂಟ್‌ನ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ಒಂದೇ ತಗಡಿನಲ್ಲಿ ಎಚಿಂಗ್, ಡ್ರೈಪಾಯಿಂಟ್, ಬ್ಯೂರಿನ್ ಮೂರನ್ನೂ ಬೆರೆಸಲು ಅವನಿಗೆ ಹಿಂಜರಿಕೆಯೇ ಇರಲಿಲ್ಲ. ಎಚಿಂಗ್ ಗೆರೆಯಲ್ಲಿ ಚಿತ್ರ ನಿಲ್ಲಿಸಿ, ನೆರಳು ಆಳವಾಗಬೇಕಾದಲ್ಲಿ ಡ್ರೈಪಾಯಿಂಟ್ ಗೀರುವ ಅವನ ರೂಢಿಯನ್ನು ಇಂದಿಗೂ ಅನುಸರಿಸಬಹುದು.

ಗೆರೆಯೇ ಬೇಡವಾದಾಗ

ಆಕಾರವನ್ನು ಛಾಯೆಯಿಂದಲೇ ಕಟ್ಟಬೇಕು ಎನ್ನುವವರ ಮುಂದೆ ಅಕ್ವಾಟಿಂಟ್ ಮತ್ತು ಮೆಝೋಟಿಂಟ್ ನಿಲ್ಲುತ್ತವೆ. ಅಕ್ವಾಟಿಂಟ್‌ನಲ್ಲಿ ರಾಳದ ಪುಡಿಯನ್ನು ತಗಡಿನ ಮೇಲೆ ಉದುರಿಸಿ ಬಿಸಿಮಾಡಿ ಅಂಟಿಸುತ್ತಾರೆ. ಆಮ್ಲ ಆ ಕಣಗಳ ಸಂದಿನಲ್ಲಿ ಮಾತ್ರ ಕೊರೆಯುತ್ತದೆ. ಭಾಗಭಾಗವಾಗಿ ಮುಚ್ಚುತ್ತಾ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಬೂದು ಛಾಯೆಗಳು ಬರುತ್ತವೆ, ಪ್ರತಿಯೊಂದಕ್ಕೂ ಖಚಿತ ಅಂಚಿರುತ್ತದೆ. ಗೋಯಾ 1799ರಲ್ಲಿ ಹೊರತಂದ ‘ಕಪ್ರಿಚೋಸ್’ನ 80 ಚಿತ್ರಗಳಲ್ಲಿ ಈ ಗುಣವನ್ನು ಹೇಗೆ ಬಳಸಿದ್ದಾನೆಂದರೆ, ಮನುಷ್ಯರ ಚಲನೆಯನ್ನು ಎಚಿಂಗ್ ಗೆರೆ ಹೇಳುತ್ತದೆ, ಅವರ ಹಿಂದೆ ಅಕ್ವಾಟಿಂಟ್‌ನ ಕತ್ತಲು ಗೋಡೆಯಂತೆ ನಿಂತು ತಪ್ಪಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಗೆರೆಗೂ ಆಕಾರಕ್ಕೂ ಕೆಲಸ ಹಂಚಿಕೊಟ್ಟದ್ದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಕುಂಚದ ಬೀಸನ್ನೇ ತಗಡಿಗೆ ತರಬೇಕಿದ್ದರೆ ಸಕ್ಕರೆ ಪಾಕ ಬೆರೆಸಿದ ಮಸಿಯಿಂದ ಬರೆದು, ಅದನ್ನು ಲೇಪದಡಿಯಿಂದ ನೀರಿನಲ್ಲಿ ಕರಗಿಸಿ ಎತ್ತಿ, ಅಲ್ಲಿ ಅಕ್ವಾಟಿಂಟ್ ಕೊರೆಯುವ ವಿಧಾನವಿದೆ.

ಮೆಝೋಟಿಂಟ್ 1642ರಲ್ಲಿ ಲುಡ್ವಿಗ್ ಫಾನ್ ಸೀಗೆನ್‌ನಿಂದ ಆರಂಭವಾದದ್ದು. ಹಲ್ಲುಗಳಿರುವ ಬಾಗಿದ ಅಲಗಿನಿಂದ ತಗಡಿನ ಮೈಯನ್ನೆಲ್ಲ ಒರಟು ಮಾಡಿ, ಮೊದಲು ಅದು ಪೂರ್ತಿ ಕಪ್ಪು ಅಚ್ಚಾಗುವಂತೆ ಸಿದ್ಧಪಡಿಸಬೇಕು. ಆಮೇಲೆ ಕೆರೆದು, ನಯಮಾಡಿ ಬೆಳಕನ್ನು ಹೊರತೆಗೆಯಬೇಕು. ಅಂಚುಗಳೇ ಇಲ್ಲದ, ಕತ್ತಲಿನಿಂದ ನಿಧಾನವಾಗಿ ತೇಲಿ ಬರುವ ದುಂಡು ಆಕಾರಗಳು ಇಲ್ಲಿ ಸಿಗುತ್ತವೆ. ಕೆಲಸ ಮಾತ್ರ ತಿಂಗಳುಗಟ್ಟಲೆ. ಗೆರೆಯ ಸಿಟ್ಟು, ಚಾಟಿಯೇಟು ಬೇಕಿದ್ದವರು ಇದರ ಹತ್ತಿರ ಸುಳಿಯಬಾರದು.

ಕೃಷ್ಣಾ ರೆಡ್ಡಿ ಅವರ ದಾರಿಯನ್ನು ಇಲ್ಲೇ ಹೇಳಬೇಕು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಹೇಟರ್‌ನ ಅಟೆಲಿಯೆ 17ರಲ್ಲಿ ದುಡಿದ ಅವರು ಶಿಲ್ಪಿಯೂ ಹೌದು. ತಗಡನ್ನು ಬೇರೆ ಬೇರೆ ಆಳಗಳಿರುವ ಉಬ್ಬುಶಿಲ್ಪದಂತೆ ಕೆತ್ತಿ, ಅಂಟಿನ ಪ್ರಮಾಣ ಬೇರೆ ಬೇರೆ ಇರುವ ಮಸಿಗಳನ್ನು ಮೆತ್ತನೆಯ ಹಾಗೂ ಗಟ್ಟಿಯಾದ ರೋಲರ್‌ಗಳಿಂದ ಹಚ್ಚಿ, ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಮಣ್ಣಿನಲ್ಲಿ ಕೈಯಾಡಿಸಿ ಅಭ್ಯಾಸವಿರುವವರು, ಆಕಾರವನ್ನು ಕಣ್ಣಿಗಿಂತ ಬೆರಳಿನಿಂದ ಅರಿಯುವವರು ಈ ಹಾದಿಯನ್ನು ನೋಡಲೇಬೇಕು.

ಕಲ್ಲಚ್ಚು: ಬರೆದಂತೆ ಬರುವುದರ ಬೆಲೆ

ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬವೇರಿಯಾದಲ್ಲಿ ಅಲೋಯಿಸ್ ಝೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚಿನಲ್ಲಿ ಕೆತ್ತುವುದೂ ಇಲ್ಲ, ಕೊರೆಯುವುದೂ ಇಲ್ಲ. ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಸೀಸಕಡ್ಡಿಯಿಂದ ಬರೆದರೆ ಮಸಿ ಜಿಡ್ಡಿಗೆ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಕೈ ಬರೆದದ್ದು ಬರೆದ ಹಾಗೆಯೇ ಬರುತ್ತದೆ: ಕಲ್ಲಿನ ತರಿಯ ಮೇಲೆ ಕಡ್ಡಿ ಜಾರಿದ ಕುರುಹು, ನೀರಾಗಿ ಹರಡಿದ ಮಸಿ, ಕುಂಚದಿಂದ ಸಿಡಿಸಿದ ಚುಕ್ಕೆಗಳು. ತುಲೂಸ್-ಲೊತ್ರೆಕ್‌ನ ಭಿತ್ತಿಪತ್ರಗಳಲ್ಲಿ ಆ ಸಿಡಿಸಿದ ಮಸಿಯೇ ಗಾಳಿ, ಹೊಗೆ, ದೀಪದ ಬೆಳಕು. ಅದರ ನಡುವೆ ಚಪ್ಪಟೆ ಕಪ್ಪು ಆಕಾರಗಳು.

ಎಲ್ಲವೂ ಬರುತ್ತದೆ ಎಂಬುದೇ ಕಲ್ಲಚ್ಚಿನ ತೊಡಕು. ಮರ ಮತ್ತು ತಾಮ್ರ ನಿಮ್ಮಿಂದ ಏನನ್ನಾದರೂ ಬಿಡಿಸುತ್ತವೆ. ಕಲ್ಲು ಏನನ್ನೂ ಬಿಡಿಸುವುದಿಲ್ಲ. ನಿಮ್ಮ ರೇಖಾಚಿತ್ರ ದುರ್ಬಲವಾಗಿದ್ದರೆ ಅಚ್ಚೂ ಅಷ್ಟೇ ದುರ್ಬಲ. ಒನೊರೆ ದೊಮಿಯೆ 1834ರಲ್ಲಿ ಮಾಡಿದ ‘ಟ್ರಾನ್ಸ್‌ನೊನೆಯ್ನ್ ಬೀದಿ’ಯನ್ನು ನೋಡಿ. ಹಾಸಿಗೆಯಿಂದ ಬಿದ್ದ ಮನುಷ್ಯನ ಶವ, ಅವನಡಿಯಲ್ಲಿ ಮಗು. ಅಂಗಿಯ ಬಿಳುಪು ಕಾಗದದ್ದೇ ಬಿಳುಪು, ಸುತ್ತಲಿನ ಬೂದು ಕಡ್ಡಿಯ ನವಿರಾದ ಉಜ್ಜು. ಇಷ್ಟು ಮೌನವಾಗಿ ಬರೆಯಬಲ್ಲವನಿಗೆ ಕಲ್ಲು ಪೂರ್ತಿ ಒಲಿಯಿತು. ಕೋಲ್ವಿಟ್ಸ್ ಕೂಡ 1934–37ರ ‘ಸಾವು’ ಮಾಲೆಯ ಎಂಟು ಚಿತ್ರಗಳಿಗೆ ಮರವನ್ನು ಬಿಟ್ಟು ಕಲ್ಲಚ್ಚಿಗೇ ಬಂದರು. ಲೀಬ್‌ಕ್ನೆಖ್ಟ್‌ನ ಶವದ ಸುತ್ತ ಗುಂಪಿತ್ತು, ಸಾರ್ವಜನಿಕ ಶೋಕವಿತ್ತು. ಇಲ್ಲಿರುವುದು ಒಬ್ಬೊಬ್ಬರ ಹತ್ತಿರ ಬಂದು ಮುಟ್ಟುವ ಸಾವು. ಅದಕ್ಕೆ ಕಡ್ಡಿಯ ಮೆತ್ತನೆಯ ಗೆರೆಯೇ ಬೇಕಿತ್ತು ಎಂದು ನಾನು ನಂಬುತ್ತೇನೆ.

ಗೆರೆ ಆಕಾರಗಳ ಸಂಬಂಧವನ್ನು ಕಲಿಯಲು ಕಲ್ಲಚ್ಚಿನಲ್ಲಿ ಒಂದು ಅಪೂರ್ವ ಪಾಠವೂ ಇದೆ. ಪಿಕಾಸೊ 1945ರ ಡಿಸೆಂಬರ್‌ನಿಂದ 1946ರ ಜನವರಿಯವರೆಗೆ ಒಂದು ಗೂಳಿಯನ್ನು ಹನ್ನೊಂದು ಹಂತಗಳಲ್ಲಿ ಬದಲಿಸುತ್ತಾ ಹೋದ. ಮೊದಮೊದಲು ಮಾಂಸ, ತೊಗಲು, ತೂಕ ಎಲ್ಲ ಇರುವ ಪ್ರಾಣಿ. ನಡುವೆ ಕಸಾಯಿ ಕತ್ತರಿಸಿದ ಭಾಗಗಳಂತೆ ಗೆರೆಗಳು ಅದನ್ನು ಸೀಳುತ್ತವೆ. ಕೊನೆಗೆ ಕೆಲವೇ ಗೆರೆಗಳ ಗೂಳಿ. ಹನ್ನೊಂದನ್ನೂ ಸಾಲಾಗಿಟ್ಟು ನೋಡಿದರೆ, ಕೊನೆಯ ಗೆರೆ ಹಗುರವಾಗಿದ್ದರೂ ಹಿಂದಿನ ಅಷ್ಟೂ ತೂಕ ಅದರಲ್ಲಿ ಇದೆ ಎಂಬುದು ತಿಳಿಯುತ್ತದೆ.

ಸ್ಕ್ರೀನ್ ಪ್ರಿಂಟ್ ಮತ್ತು ಮೋನೋಟೈಪ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಚಪ್ಪಟೆಯಾದ, ಅಂಚು ಖಚಿತವಾದ, ಬಣ್ಣವೇ ಮಾತಾಡುವ ಆಕಾರಗಳು ಬೇಕಿದ್ದರೆ ಸ್ಕ್ರೀನ್ ಪ್ರಿಂಟ್ ಸರಿ. ಗೆರೆಯ ಸೂಕ್ಷ್ಮ ಏರಿಳಿತಕ್ಕೆ ಅದು ಹೇಳಿಮಾಡಿಸಿದ್ದಲ್ಲ. ಮೋನೋಟೈಪ್‌ನಲ್ಲಿ ತಗಡಿನ ಮೇಲೆ ಮಸಿ ಬಳಿದು, ಬಟ್ಟೆಯಿಂದಲೋ ಬೆರಳಿನಿಂದಲೋ ಒರೆಸಿ ಚಿತ್ರ ಬಿಡಿಸಿ ಒಂದೇ ಪ್ರತಿ ತೆಗೆಯುತ್ತಾರೆ. ಕತ್ತಲಿನಿಂದ ದೇಹಗಳನ್ನು ಒರೆಸಿ ತೆಗೆದ ದೆಗಾನ ಚಿತ್ರಗಳು ಇದರ ಶಕ್ತಿಗೆ ಸಾಕ್ಷಿ. ಯಾವ ವಿಧಾನ ಹಿಡಿಯಬೇಕೆಂದು ಇನ್ನೂ ತಿಳಿಯದವರಿಗೆ ಇದು ಒಳ್ಳೆಯ ಅಭ್ಯಾಸ.

ಆರಿಸುವ ಮುನ್ನ ಇನ್ನು ಮೂರು ವಿಷಯ

ಗೆರೆ ಕಾಗದದ ಮೇಲೆ ದೈಹಿಕವಾಗಿ ಹೇಗೆ ಇರುತ್ತದೆ ಎಂಬುದನ್ನು ಅಂತರ್ಜಾಲದ ಚಿತ್ರಗಳು ತೋರಿಸುವುದಿಲ್ಲ. ತಾಮ್ರದ ಗೆರೆ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ, ಓರೆ ಬೆಳಕಿನಲ್ಲಿ ಅದರ ನೆರಳು ಬೀಳುತ್ತದೆ. ಮರದಚ್ಚಿನ ಕಪ್ಪು ಕಾಗದವನ್ನು ಒಳಕ್ಕೆ ಒತ್ತಿರುತ್ತದೆ. ಕಲ್ಲಚ್ಚಿನದು ಮೇಲ್ಮೈಯಲ್ಲೇ ಕೂತಿರುತ್ತದೆ. ಅಸಲಿ ಪ್ರತಿಗಳನ್ನು ಹತ್ತಿರದಿಂದ, ಪಕ್ಕದಿಂದ ನೋಡದೆ ನಿರ್ಧಾರ ಮಾಡಬೇಡಿ. ಸೋಮನಾಥ್ ಹೋರ್ 1971ರಿಂದ ಮಾಡಿದ ‘ಗಾಯಗಳು’ ಮಾಲೆಯಲ್ಲಿ ಮಸಿಯನ್ನೇ ಕೈಬಿಟ್ಟರು. ಸೀಳಿದ, ಸುಟ್ಟ ಫಲಕದ ಮೈಯಿಂದ ಅಚ್ಚು ತೆಗೆದು ಕಾಗದದ ಹಿಟ್ಟನ್ನು ಅದರಲ್ಲಿ ಎರಕ ಹೊಯ್ದರು. ಬಿಳಿಯ ಮೇಲೆ ಬಿಳಿ ಗಾಯ. ಗೆರೆಯೆಂದರೆ ಅಲ್ಲಿ ಬರೀ ಒಂದು ತಗ್ಗು.

ಎರಡನೆಯದು ಕನ್ನಡಿ. ಮರ, ಲಿನೋ, ತಾಮ್ರ, ಕಲ್ಲು ನಾಲ್ಕರಲ್ಲೂ ನೇರವಾಗಿ ಮಾಡಿದ ಚಿತ್ರ ಎಡಬಲ ತಿರುಗಿ ಬರುತ್ತದೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ತಿರುಗುವುದಿಲ್ಲ. ಅಕ್ಷರಗಳಿಗಷ್ಟೇ ಇದು ಮುಖ್ಯ ಎಂದುಕೊಳ್ಳಬೇಡಿ. ಎಡದಿಂದ ಬಲಕ್ಕೆ ಏರುವ ಗೆರೆಗೂ ಇಳಿಯುವ ಗೆರೆಗೂ ಭಾವ ಬೇರೆ. ಬೆಟ್ಟ ಹತ್ತುತ್ತಿದ್ದವಳು ಅಚ್ಚಿನಲ್ಲಿ ಜಾರುತ್ತಿರುವಂತೆ ಕಂಡೀತು. ಬರೆದದ್ದನ್ನು ಕನ್ನಡಿಗೆ ಹಿಡಿದು ನೋಡಿಯೇ ಫಲಕಕ್ಕೆ ಇಳಿಸಿ.

ಮೂರನೆಯದು, ನೀವು ತಿದ್ದುವವರೋ ಅಲ್ಲವೋ ಎಂಬುದು. ಇದು ಎಲ್ಲಕ್ಕಿಂತ ಮುಖ್ಯ, ಯಾರೂ ಕೇಳುವುದಿಲ್ಲ. ಮರದಿಂದ, ಲಿನೋದಿಂದ ತೆಗೆದದ್ದು ತಿರುಗಿ ಬಾರದು. ಕೆತ್ತುವ ಮೊದಲೇ ನಿರ್ಧಾರ ಮುಗಿಸಬಲ್ಲವರಿಗೆ, ಅಥವಾ ಬಂದದ್ದನ್ನು ಒಪ್ಪಿ ಮುಂದುವರಿಯಬಲ್ಲವರಿಗೆ ಅದು ಸರಿ. ತಾಮ್ರವನ್ನು ಕೆರೆಯಬಹುದು, ಉಜ್ಜಿ ನಯಮಾಡಬಹುದು, ಅದರ ಮೇಲೆ ಮತ್ತೆ ಗೀರಬಹುದು. ರೆಂಬ್ರಾಂಟ್ 1653ರ ‘ಮೂರು ಶಿಲುಬೆಗಳು’ ತಗಡಿನಲ್ಲಿ ಕೆಲಸ ಮುಗಿದಂತೆ ಕಂಡ ಮೇಲೆಯೂ ನಾಲ್ಕನೆಯ ಹಂತದಲ್ಲಿ ಅರ್ಧಕ್ಕರ್ಧ ಜನರನ್ನು ಕೆರೆದು ಹಾಕಿ, ಮೇಲಿನಿಂದ ಕತ್ತಲಿನ ಗೆರೆಗಳನ್ನು ಸುರಿದ. ಬರೆಯುತ್ತಲೇ ಯೋಚಿಸುವವರ ಮಾಧ್ಯಮ ಅದು. ಆದರೂ ಮರವನ್ನೇ ಆರಿಸಿದ ತಿದ್ದುಗಾರರಿಗೆ ಒಂದು ಮಾತು: ಹಲಗೆಗೆ ಮೊದಲೇ ತೆಳುವಾಗಿ ಬಣ್ಣ ಬಳಿದಿಟ್ಟುಕೊಳ್ಳಿ, ಕೆತ್ತಿದ ಜಾಗ ಆಗಾಗಲೇ ಕಾಣುತ್ತದೆ. ಬೇಕೆನಿಸಿದ ಬಿಳಿಯಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಕೆತ್ತಿ ಮೊದಲ ಅಚ್ಚು ತೆಗೆಯಿರಿ, ಒಣಗಿದ ಪ್ರತಿಯ ಮೇಲೆ ಬಿಳಿ ಬಣ್ಣದಿಂದ ಮುಂದಿನ ಕೆತ್ತುಗಳನ್ನು ಬರೆದು ನೋಡಿ, ಆಮೇಲೆ ಉಳಿ ಎತ್ತಿಕೊಳ್ಳಿ.